ಹೊಸಿಲು ದಾಟಿಸಿದವರು

ಇಪ್ಪತ್ತಾರು ಚೀಲ ತುಂಬಿದ ಮೇಲೆ ದೇವರುಗಳು ಸಿಕ್ಕರು.

ಮೇಲೂರಿನ ಕೋಡಿಹಳ್ಳದಲ್ಲಿ ಭಾನುವಾರದ ಗುಂಪು ಕಸ ಎತ್ತಲು ಶುರುಮಾಡಿ ಅದು ನಾಲ್ಕನೆಯ ವಾರ. ಗಣೇಶನ ಹಬ್ಬ ಮುಗಿದು ಹತ್ತು ದಿನವಾಗಿತ್ತು. ಹನ್ನೊಂದು ಜನ, ಕೈಗೆ ರಬ್ಬರಿನ ಗವಸು, ಮುಖಕ್ಕೆ ಟವೆಲ್ಲು. ಗುಂಪು ಕಟ್ಟಿದವರು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಕನಕರಾಜ್. ಗುಟ್ಕಾ ಪೊಟ್ಟಣ, ಗೊಬ್ಬರದ ಚೀಲ, ಮಕ್ಕಳ ಪ್ಯಾಂಪರ್ಸು, ಯಾರದೋ ಒಂದು ಕಾಲಿನ ಬೂಟು, ಎಲ್ಲವನ್ನೂ ಎತ್ತಿ ಎತ್ತಿ ಅವರಿಗೆ ಅಸಹ್ಯ ಎನ್ನುವುದೇ ಮರೆತುಹೋಗಿತ್ತು. ಮೇಲಿನ ರೀಲಿಂಗ್ ಮನೆಗಳಿಂದ ಬೆಂದ ರೇಷ್ಮೆ ಹುಳದ ವಾಸನೆ ಬರುತ್ತಿತ್ತು. ಅದು ಊರಿನವರ ಮೂಗಿಗೆ ತಾಕುವ ಕಾಲ ಎಂದೋ ಕಳೆದಿತ್ತು.

ಆದರೆ ಮೋರಿಯ ಕೆಳಗಿನ ಪೊದೆಯನ್ನು ಕತ್ತರಿಸಿದಾಗ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ವೆಂಕಟರಮಣ, ಲಕ್ಷ್ಮಿ, ಮಂಜುನಾಥ, ಗಾಜು ಒಡೆದ ಸರಸ್ವತಿ, ಗೆದ್ದಲು ತಿಂದ ಆಂಜನೇಯ. ಕಟ್ಟು ಹಾಕಿದ ಪಟಗಳು, ಒಂದರ ಮೇಲೊಂದು, ಮುಖ ಮೇಲೆ ಮಾಡಿಕೊಂಡು ಮಲಗಿದ್ದವು. ಒಡೆದ ಪಟವನ್ನು ಮನೆಯಲ್ಲಿ ಇಡಬಾರದು, ಕಸಕ್ಕೂ ಹಾಕಬಾರದು, ಹರಿಯುವ ನೀರಿಗೆ ಬಿಡಬೇಕು. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಹಳ್ಳ ಹರಿಯುವುದನ್ನು ನಿಲ್ಲಿಸಿ ಎಷ್ಟೋ ವರ್ಷವಾಗಿತ್ತು. ಬಿಡುವವರು ಮಾತ್ರ ನಿಲ್ಲಿಸಿರಲಿಲ್ಲ.

"ಚೀಲಕ್ಕೆ ಹಾಕಿ ಸಾರ್," ಎಂದಳು ಹರಿತಾ.

"ನೀನೇ ಹಾಕಮ್ಮ," ಎಂದರು ಕನಕರಾಜ್, ಗವಸು ಬಿಚ್ಚುತ್ತಾ.

ಪಂಚಾಯಿತಿ ಟ್ರ್ಯಾಕ್ಟರಿನ ಬಯ್ಯಪ್ಪ ಸೀಟಿನ ಮೇಲಿಂದಲೇ ಕೈ ಮುಗಿದ. "ನಾ ವಲ್ಲ ಕಾದು ಸಾರ್, ನನ್ನ ಕೈಲಾಗಲ್ಲ. ಪ್ಯಾಂಪರ್ಸ್ ಹಾಕಿ, ಸತ್ತ ನಾಯಿ ಹಾಕಿ, ಹೊತ್ಕೊಂಡು ಹೋಗ್ತೀನಿ. ಇದನ್ನ ಹಾಕಿದ್ರೆ ಟ್ರ್ಯಾಕ್ಟರ್ ಇಲ್ಲೇ ಬಿಟ್ಟು ಮನೆಗೆ ಹೋಗ್ತೀನಿ."

"ರೀಲಿಂಗ್ ಒಲೆಗೆ ಕೊಟ್ರೆ? ಫ್ರೇಮು ಒಳ್ಳೆ ಸೌದೆ," ಎಂದ ಗುಂಪಿನ ಹುಡುಗನೊಬ್ಬ.

"ಮೊದಲು ನಿಮ್ಮ ತಾತನ ಫೋಟೋ ಹಾಕೋ ಒಲೆಗೆ!" ಬಯ್ಯಪ್ಪ ಗದರಿದ. ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ಮತ್ತೆ ಪಟಗಳನ್ನು ನೋಡುತ್ತಾ ನಿಂತರು. ಬಿಸಿಲು ಏರುತ್ತಿತ್ತು. ಹರಿತಾಗೆ ಹಸಿವಾಗಿತ್ತು, ಸಿಟ್ಟೂ ಬಂದಿತ್ತು.

"ಆಯ್ತು ಬಿಡಿ. ಒಂದು ವಾರ ನಮ್ಮನೇಲಿ ಇಟ್ಕೊಂಡಿರ್ತೀನಿ. ಅಷ್ಟರಲ್ಲಿ ನೀವು ಏನಾದ್ರೂ ತೀರ್ಮಾನ ಮಾಡಿ."

ಹತ್ತು ಜನ ಚಪ್ಪಾಳೆ ತಟ್ಟಿದರು. ಕನಕರಾಜ್ ಮೊಬೈಲಿನಲ್ಲಿ ಫೋಟೋ ತೆಗೆದರು. ಬೇರೆಯವರು ಇಳಿಸಿದ ಭಾರ ತನ್ನ ಹೆಗಲಿಗೆ ಬಂದು ಕೂತದ್ದು ಹರಿತಾಗೆ ಆಗ ತಿಳಿಯಲಿಲ್ಲ.

ಅವಳಿಗೆ ಇಪ್ಪತ್ತೇಳು ವರ್ಷ. ಬಿ.ಕಾಂ. ಮುಗಿಸಿ ಸರ್ಕಾರಿ ಗುಮಾಸ್ತೆ ಕೆಲಸಕ್ಕೆ ಪರೀಕ್ಷೆ ಬರೆದು, ಪಟ್ಟಿಯಲ್ಲಿ ಹೆಸರು ಬಂದು, ಆದೇಶಕ್ಕೆ ಕಾಯುತ್ತಿದ್ದಳು. ಅವಳ ಕೋಣೆ ಮಹಡಿಯ ಮೇಲಿತ್ತು. ಅದು ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ ಮನೆ. ಅಪ್ಪ ರಾಮಾಂಜಿನಪ್ಪ ಹಿಪ್ಪುನೇರಳೆ ಸೊಪ್ಪಿನ ತೋಟದಲ್ಲೇ ಹೊಸ ಶೆಡ್ಡು ಕಟ್ಟಿಸಿದ ಮೇಲೆ ಖಾಲಿಯಾಗಿತ್ತು. ಮೂರು ಗೋಡೆಗೂ ಹುಳದ ತಟ್ಟೆ ಇಡುವ ಕಬ್ಬಿಣದ ಅಟ್ಟಣಿಗೆಗಳು, ಐದೈದು ಅಂತಸ್ತು. ನಡುವೆ ಅವಳ ಮಂಚ. ನಲವತ್ತೊಂದು ಪಟಗಳನ್ನು ನಲ್ಲಿಯ ಕೆಳಗೆ ತೊಳೆದು, ಹುಳುಗಳಿದ್ದ ಜಾಗದಲ್ಲಿ ದೇವರುಗಳನ್ನು ಸಾಲಾಗಿ ನಿಲ್ಲಿಸಿದಳು.

ಅಮ್ಮ ಶ್ಯಾಮಲಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಒಂದನ್ನೂ ಮುಟ್ಟಲಿಲ್ಲ.

"ಹಿಂಗೇ ಕತ್ತಲಲ್ಲಿ ಇಡ್ತಾರೇನೇ? ಒಂದು ದೀಪ ಹಚ್ಚು."

"ಒಂದು ವಾರಕ್ಕೆ ಯಾಕಮ್ಮ?"

"ನೆಂಟರು ಒಂದು ವಾರಕ್ಕೆ ಬಂದ್ರೆ ಊಟ ಹಾಕಲ್ವಾ?"

ಹರಿತಾ ದೀಪ ಹಚ್ಚಿದಳು. ತಪ್ಪು ಆದದ್ದು ಅಲ್ಲಿ.

ಮುಂದಿನ ವಾರ ಕನಕರಾಜ್ ಶಾಲೆಯ ಹಿಂದೆ ಗುಂಡಿ ತೋಡಿಸಿ ಪಟಗಳನ್ನು ಮಣ್ಣು ಮಾಡೋಣ ಎಂದರು. ಅಮ್ಮ ಸುಮ್ಮನಿರದೆ ದೇವಸ್ಥಾನದ ಪೂಜಾರಿ ಮುನಿನಾರಾಯಣಪ್ಪನನ್ನು ಕೇಳಿದಳು. ಆತ ಮಹಡಿ ಹತ್ತಿ ಬಂದು, ಅಟ್ಟಣಿಗೆಗಳನ್ನು ಒಂದೊಂದಾಗಿ ನೋಡಿ, ದೀಪದ ಮುಂದೆ ಕುಕ್ಕರುಗಾಲಲ್ಲಿ ಕೂತ.

"ದೀಪ ಹಚ್ಚಿದ್ದು ಯಾರು?"

"ನಾನೇ," ಎಂದಳು ಹರಿತಾ.

"ಹೊಸಿಲು ದಾಟಿಸಿದ್ದು?"

"ಅದೂ ನಾನೇ."

"ಸರಿಹೋಯ್ತು. ದೀಪ ಕಂಡ ದೇವರನ್ನ ಒಂದು ಮಂಡಲ ಮುಗೀದೆ ಎಬ್ಬಿಸಂಗಿಲ್ಲ ತಾಯಿ. ನಲವತ್ತೆಂಟು ದಿನ. ಹೊಸಿಲು ದಾಟಿಸಿದವರೇ ಹಚ್ಚಬೇಕು. ಹೊರಗಾದ ಮೂರು ದಿನ ನಿಮ್ಮಮ್ಮ ಹಚ್ಚಲಿ, ಅದು ಲೆಕ್ಕಕ್ಕಿಲ್ಲ. ಆಮೇಲೆ ಹರಿಯೋ ನೀರಿಗೆ ಬಿಡೋದು."

"ಹರಿಯೋ ನೀರು ಎಲ್ಲಿದೆ ಮುನಿನಾರಾಯಣಪ್ಪ, ಈ ಜಿಲ್ಲೇಲಿ?"

ಆತ ಸ್ವಲ್ಪ ಯೋಚಿಸಿದ. "ನಿಮ್ಮಪ್ಪನ ಪಂಪ್‌ಸೆಟ್ ಇದೆಯಲ್ಲ. ಕಾಲುವೇಲಿ ಹರಿಯುತ್ತಲ್ಲ. ಅಲ್ಲಿ ಒಂದ್ಸಲ ಅದ್ದಿ ಸೊಪ್ಪಿನ ತೋಟದಲ್ಲಿ ಹೂಳಿ."

"ಇನ್ನೊಂದಷ್ಟು ಬಂದ್ರೆ?"

"ಬಂದವರಿಗೂ ಮಂಡಲ ಆಗಬೇಕಲ್ಲಮ್ಮ. ನೀನು ಕೊನೆಗೆ ತಂದವರಿಂದ ಲೆಕ್ಕ. ಮೊದಲು ಬಂದವರು ಕಾಯ್ತಾರೆ. ಅವರಿಗೇನು ಅವಸರ?"

ಹರಿತಾ ಇದನ್ನೆಲ್ಲ ನಂಬುತ್ತಿರಲಿಲ್ಲ. ಆದರೆ ನಂಬದೇ ಇರುವುದನ್ನು ಮನೆಯವರ ಮುಂದೆ ದಿನ ಬೆಳಗಾದರೆ ತೋರಿಸುತ್ತಿರಬೇಕು, ಅಡುಗೆ ಮನೆಯಲ್ಲಿ, ಊಟದ ಹೊತ್ತಿನಲ್ಲಿ, ಅಪ್ಪನಿಗೆ ಸಕ್ಕರೆ ಏರಿದಾಗ, ಹಸು ಕಾಲು ಮುರಿದುಕೊಂಡಾಗ. ಅದಕ್ಕಿಂತ ಒಂದು ಬತ್ತಿ ಹೊಸೆಯುವುದು ಸುಲಭವೆನಿಸಿತು. ನಲವತ್ತೆಂಟು ದಿನ ತಾನೇ.

ಕನಕರಾಜ್ ಹಾಕಿದ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಹತ್ತನೆಯ ದಿನ ಬೆಳಿಗ್ಗೆ ಗೇಟಿಗೆ ಒರಗಿಸಿದ ನಾಲ್ಕು ಪಟಗಳು, ಹಳೆಯ ಪೇಪರಿನಲ್ಲಿ ಸುತ್ತಿದ್ದವು. ಮುಟ್ಟದೆ ಬಿಡೋಣವೆಂದರೆ ಅಮ್ಮ ಕಿಟಕಿಯಿಂದಲೇ ಕೂಗಿದಳು: "ಬಾಗಿಲಿಗೆ ಬಂದ ದೇವರನ್ನ ನಾಯಿ ಮೂಸೋಕೆ ಬಿಡ್ತೀಯೇನೇ? ಎತ್ಕೊಂಡು ಬಾ." ಅಮ್ಮ ಮಾತ್ರ ಎತ್ತಲಿಲ್ಲ. ಹರಿತಾ ಎತ್ತಿದಳು. ಲೆಕ್ಕ ಮತ್ತೆ ಒಂದರಿಂದ.

ಇಪ್ಪತ್ತನೆಯ ದಿನ ಆರು ಪಟ. ಲೆಕ್ಕ ಮತ್ತೆ ಒಂದರಿಂದ. ಹರಿತಾ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಗೇಟಿಗೆ ಕಟ್ಟಿದಳು: ಇಲ್ಲಿ ದೇವರ ಪಟಗಳನ್ನು ಇಡಬಾರದು. ಆ ವಾರ ಹತ್ತೊಂಬತ್ತು ಬಂದವು. ಚಿಂತಾಮಣಿ ಕಡೆಯಿಂದ ಆಟೋದಲ್ಲಿ ಬಂದ ಹೆಂಗಸೊಬ್ಬಳು ಪಟವನ್ನು ಅವಳ ಕೈಗೇ ಕೊಟ್ಟು, "ಎಷ್ಟು ಹುಡುಕಿದೆ ಕಣಮ್ಮ, ಬೋರ್ಡ್ ನೋಡಿದ್ಮೇಲೆ ಮನೆ ಸಿಕ್ತು," ಎಂದು ನೆಟಿಗೆ ಮುರಿದು ದೃಷ್ಟಿ ತೆಗೆದು ಹೋದಳು.

ಹರಿತಾ ಬೋರ್ಡು ಕಿತ್ತುಹಾಕಿದಳು. ಆದರೂ ನವೆಂಬರಿನ ನಡುವಿನ ತನಕ ಇನ್ನೂ ನಲವತ್ತೆರಡು ಬಂದವು, ಪ್ರತಿ ಸಲವೂ ಲೆಕ್ಕ ಒಂದರಿಂದ. ಭಾನುವಾರದ ಗುಂಪಿಗೆ ಹೋಗುವುದನ್ನು ಬಿಟ್ಟಳು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಶಾಲು ಹೊದ್ದು, ಗೇಟಿನ ಒಳಗೆ ಕುರ್ಚಿ ಹಾಕಿಕೊಂಡು ಕೂರತೊಡಗಿದಳು. ಬರುವವರೆಲ್ಲ ಆ ಹೊತ್ತಿಗೇ ಬರುತ್ತಿದ್ದರು, ಮುಖ ಕಾಣದ ಹೊತ್ತಿಗೆ. ಸ್ಕೂಟರಿನ ಸದ್ದು ನಿಧಾನವಾದರೆ ಸಾಕು, ಎದ್ದು ನಿಲ್ಲುತ್ತಿದ್ದಳು.

"ಇಲ್ಲಿ ಬೇಡ ಅಣ್ಣ, ಬೇರೆ ಕಡೆ ನೋಡ್ಕೊಳ್ಳಿ."

"ಎಲ್ಲಿ ನೋಡ್ಕೊಳ್ಳೋಣಮ್ಮ?" ಎಂದಿದ್ದ ಒಬ್ಬ, ಪಟವನ್ನು ಮಗುವಿನಂತೆ ಎದೆಗೆ ಒತ್ತಿಕೊಂಡು. "ಹಳ್ಳ ಅಷ್ಟು ಚೆನ್ನಾಗಿ ಕ್ಲೀನ್ ಮಾಡಿಟ್ಟಿದೀರ. ಅಲ್ಲಿ ಹಾಕೋಕೆ ಮನಸ್ಸು ಬರುತ್ತಾ?"

ಅವನನ್ನೂ ವಾಪಸು ಕಳಿಸಿದಳು. ಅಟ್ಟಣಿಗೆಯ ಮೇಲೆ ಆಗ ನೂರಾ ಹನ್ನೆರಡು ದೇವರಿದ್ದರು. ಕಾವಲು ಕೂತ ಮೇಲೆ ಒಂದೂ ಹೆಚ್ಚಲಿಲ್ಲ.

ಆದೇಶ ಬಂದದ್ದು ನವೆಂಬರಿನ ಕೊನೆಯಲ್ಲಿ. ಗೌರಿಬಿದನೂರಿನ ಕಚೇರಿಯೊಂದರಲ್ಲಿ ಗುಮಾಸ್ತೆ. ಮೂವತ್ತು ದಿನದೊಳಗೆ ಹಾಜರಾಗಬೇಕು. ಹರಿತಾ ಆ ಕಾಗದವನ್ನು ನಾಲ್ಕು ಸಲ ಓದಿದಳು. ಮೂರು ಬಸ್ಸು ಬದಲಾಯಿಸಿದರೆ ಸಿಗುವ ಊರು. ಅಲ್ಲಿ ಒಂದು ಬಾಡಿಗೆ ಕೋಣೆ, ಅದರ ಗೋಡೆಗಳ ಮೇಲೆ ಏನೂ ಇರುವುದಿಲ್ಲ, ಒಂದು ಮೊಳೆ ಕೂಡ. ಅವಳು ಕೆಲಸಕ್ಕಿಂತ ಹೆಚ್ಚಾಗಿ ಆ ಖಾಲಿ ಗೋಡೆಯನ್ನೇ ನೆನೆಯುತ್ತಿದ್ದಳು.

ಕಾಗದವನ್ನು ಅಪ್ಪನಿಗೆ ತೋರಿಸಿದಳು. ರಾಮಾಂಜಿನಪ್ಪ ಕನ್ನಡಕ ಹಾಕಿಕೊಂಡು ಓದಿ, ಮಡಚಿ, ವಾಪಸು ಕೊಟ್ಟರು.

"ಒಳ್ಳೇದಾಯ್ತಮ್ಮ. ದೇವರ ಕೆಲಸ ಮುಗಿಸ್ಕೊಂಡು ಹೋಗು. ಯಾರು ಬೇಡ ಅಂದ್ರು?"

ಯಾರೂ ಬೇಡ ಅನ್ನಲಿಲ್ಲ. ಅದೇ ಕಷ್ಟವಾಗಿತ್ತು. ಬೇಡ ಎಂದಿದ್ದರೆ ಜಗಳವಾಡಬಹುದಿತ್ತು. ಹರಿತಾ ಗೌರಿಬಿದನೂರಿಗೆ ಒಮ್ಮೆ ಹೋಗಿ, ಮನೆಯಲ್ಲಿ ಅನಾರೋಗ್ಯವೆಂದು ಸುಳ್ಳು ಹೇಳಿ, ಹದಿನೈದು ದಿನದ ಅವಧಿ ಪಡೆದುಕೊಂಡಳು. ಹಾಗೆಯೇ ಹೋದ ಕಡೆ ಒಂದು ಕೋಣೆಗೂ ಮುಂಗಡ ಕೊಟ್ಟಳು. ಇನ್ನೊಂದು ಅವಧಿ ಸಿಗುವುದಿಲ್ಲವೆಂದು ಕಚೇರಿಯ ಮ್ಯಾನೇಜರ್ ಬರೆಸಿಕೊಂಡರು. ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿದಳು. ಹೊರಗಾದ ದಿನಗಳನ್ನೆಲ್ಲ ಕಳೆದರೂ, ಜನವರಿಯ ಎರಡನೆಯ ಭಾನುವಾರ ನಲವತ್ತೆಂಟು ತುಂಬುತ್ತದೆ. ಹಾಜರಾಗಲು ಕೊನೆಯ ದಿನ ಸೋಮವಾರ. ಒಂದು ದಿನವೂ ಆಚೀಚೆ ಇಲ್ಲ.

ಅಷ್ಟು ದಿನ ಅವಳು ಮನೆ ಬಿಟ್ಟು ಎಲ್ಲೂ ಹೋಗಲಿಲ್ಲ. ಬೆಳಿಗ್ಗೆ ಕಾವಲು, ಸ್ನಾನ, ಎಣ್ಣೆ, ಬತ್ತಿ. ಹೇಗೂ ಹಚ್ಚುತ್ತಾಳಲ್ಲ ಎಂದು ಕೆಳಗಿನ ದೇವರ ಮನೆಯ ದೀಪವೂ ಅವಳ ಪಾಲಿಗೆ ಬಂತು. ಸಂಜೆ ಮತ್ತೆ ಅದೇ. ಮಲಗಿದರೆ ಮೂರು ಕಡೆಯಿಂದಲೂ ಮುಗುಳ್ನಗೆ. ಬಟ್ಟೆ ಬದಲಾಯಿಸಲು ಕೆಳಗಿನ ಬಚ್ಚಲಿಗೆ ಹೋಗುತ್ತಿದ್ದಳು. ಅಷ್ಟು ಜನರ ಎದುರು ಹೇಗೆ ಬದಲಾಯಿಸುವುದು? ಅಮ್ಮನಿಗೆ ಮಾತ್ರ ಯಾಕೋ ಗೆಲುವು ಬಂದಿತ್ತು. ಡಿಸೆಂಬರಿನಲ್ಲಿ ಮುರುಗಮಲ್ಲದ ತವರಿಗೆ ಹೋಗಿ ಎರಡು ರಾತ್ರಿ ಉಳಿದು ಬಂದಳು. ಬಂದವಳು ಹಾಡು ಗುನುಗುತ್ತಾ ಬಟ್ಟೆ ಒಗೆದಳು.

ನಲವತ್ತಾರನೆಯ ದಿನ, ಶುಕ್ರವಾರ. ಧನುರ್ಮಾಸದ ಚಳಿ. ಗೇಟಿನ ಮುಂದೆ ಯಾರೂ ಬರಲಿಲ್ಲ. ಹಾಲಿನವನೊಬ್ಬ ಬಿಟ್ಟರೆ ಸೈಕಲ್ಲು ಕೂಡ ಹಾದುಹೋಗಲಿಲ್ಲ. ಬೆಳಕಾದ ಮೇಲೆ ಸ್ನಾನ ಮಾಡಿ ಮಹಡಿ ಹತ್ತಿದ ಹರಿತಾ, ಬತ್ತಿ ಹಾಕುವ ಮುಂಚೆ ರೂಢಿಯಂತೆ ಎಣಿಸಿದಳು.

ನೂರಾ ಹದಿಮೂರು.

ತಪ್ಪಿರಬೇಕೆಂದು ಬಲಗಡೆಯಿಂದ ಎಣಿಸಿದಳು. ನೂರಾ ಹದಿಮೂರು. ಒಂದೊಂದನ್ನೇ ನೋಡುತ್ತಾ ಬಂದಾಗ ಎರಡನೆಯ ಅಂತಸ್ತಿನಲ್ಲಿ, ವೆಂಕಟರಮಣನ ಹಿಂದೆ ಅರ್ಧ ಮರೆಯಾಗಿ, ಸತ್ಯನಾರಾಯಣನ ಪಟ ಕಂಡಿತು. ಗಾಜು ಮೂಲೆಯಲ್ಲಿ ಸೀಳಿತ್ತು. ಹೊಸದು. ಎಂದರೆ ಹಳೆಯದು, ಆದರೆ ಇಲ್ಲಿಗೆ ಹೊಸದು. ಇಂದಿನಿಂದ ಒಂದು. ಇನ್ನು ನಲವತ್ತೇಳು. ಸೋಮವಾರ ಹೋಯಿತು, ಗೌರಿಬಿದನೂರು ಹೋಯಿತು.

ಪಟವನ್ನು ಕೆಳಗಿಳಿಸಿ ತಿರುಗಿಸಿದಳು. ಹಿಂದೆ ಅಂಟಿಸಿದ ಕಂದು ಕಾಗದದ ಮೇಲೆ ನೀಲಿ ಶಾಯಿಯಲ್ಲಿ ಬರೆದಿತ್ತು: 'ಭಾವ ರಾಮಾಂಜಿನಪ್ಪನವರ ಗೃಹಪ್ರವೇಶಕ್ಕೆ, ಮುರುಗಮಲ್ಲದ ಚೆನ್ನರಾಯಪ್ಪ ಮತ್ತು ಮಕ್ಕಳು.'

ಚೆನ್ನರಾಯಪ್ಪ ಎಂದರೆ ಅವಳ ಸೋದರಮಾವ. ಈ ಪಟ ಹೊರಗಿನಿಂದ ಬಂದದ್ದಲ್ಲ. ಕೆಳಗಿನ ಅಟ್ಟದಲ್ಲಿ ಹಳೆಯ ಟ್ರಂಕಿನ ಹಿಂದೆ ಇದ್ದದ್ದು. ತಾನು ಗೇಟು ಕಾಯುತ್ತಿದ್ದಾಗ ಮನೆಯೊಳಗಿನಿಂದಲೇ ಮೆಟ್ಟಿಲು ಹತ್ತಿ ಬಂದಿದೆ.

ಹಿತ್ತಿಲಲ್ಲಿ ಶ್ಯಾಮಲಮ್ಮ ಮೊರದ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಹರಿತಾ ಪಟವನ್ನು ಅವಳ ಎದುರು ಗೋಡೆಗೆ ಒರಗಿಸಿದಳು. ಅಮ್ಮ ನೋಡಿದಳು. ಕೈ ನಿಲ್ಲಲಿಲ್ಲ.

"ನೀನು ಇಟ್ಟಿದ್ದಾ?"

"ಗಾಜು ಒಡೆದಿತ್ತು. ಒಡೆದಿದ್ದನ್ನ ಮನೇಲಿ ಇಟ್ಕೋಬಾರದು."

"ಅಮ್ಮಾ, ಇವತ್ತು ನಲವತ್ತಾರು. ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು."

ಹರಿತಾ ಕೆಳಗೆ ಕೂತಳು. "ನಾನು ಹೋಗೋದು ನಿನಗೆ ಇಷ್ಟ ಇಲ್ಲ ಅಂದ್ರೆ ಹೇಳಬೇಕಾಗಿತ್ತು."

"ಇಷ್ಟ ಇಲ್ಲ ಅಂತ ಯಾರೇ ಅಂದ್ರು? ಹೋಗು, ಸಂಬಳ ತಗೋ, ಚೆನ್ನಾಗಿರು." ಅಮ್ಮನ ದನಿ ಏರಿತು. "ನೀನು ಹೋದ ಮಾರನೇ ದಿನ ಗೇಟಿಗೆ ಮತ್ತೆ ತಂದಿಡ್ತಾರೆ ಕಣೇ. ಚಿಂತಾಮಣಿಯಿಂದ ಬರ್ತಾರೆ, ಎಲ್ಲಿಂದಲೋ ಬರ್ತಾರೆ. ಆಗ ಯಾರು ಎತ್ತೋದು? ಯಾರು ಹಚ್ಚೋದು? ನಿಮ್ಮಪ್ಪ ಹಚ್ತಾರಾ? ಇಪ್ಪತ್ತೊಂಬತ್ತು ವರ್ಷ ಹುಳ ಮೇಯ್ಸಿದೀನಿ, ಹಸು ಕರೆದಿದೀನಿ, ದೀಪ ಹಚ್ಚಿದೀನಿ. ತವರಲ್ಲಿ ಎರಡು ರಾತ್ರಿ ಮಲಗಿದ್ದು ಈ ಸಲವೇ. ಚೆನ್ನರಾಯಪ್ಪನ ಮನೇಲಿ ಏಳು ಗಂಟೆ ತನಕ ನಿದ್ದೆ ಮಾಡಿದೆ ಕಣೇ. ಯಾರೂ ಎಬ್ಬಿಸಲಿಲ್ಲ."

ಅವರೆಕಾಳು ಒಂದೆರಡು ಮೊರದಾಚೆ ಸಿಡಿದವು. ಅಮ್ಮ ಅವನ್ನು ಹೆಕ್ಕಿದಳು.

ಹರಿತಾಗೆ ಏಳು ಗಂಟೆಯ ತನಕ ಮಲಗಿದ ಅಮ್ಮ ಕಣ್ಣಿಗೆ ಕಟ್ಟಿದಳು. ಆ ಚಿತ್ರವನ್ನು ನೋಡುತ್ತಿರುವಾಗಲೇ ಅದರ ಪಕ್ಕದಲ್ಲಿ ಇನ್ನೊಂದು ಹೊಳೆಯಿತು, ಬೇಡವೆಂದರೂ ಹೊಳೆಯಿತು. ಇಷ್ಟು ದಿನ ಅಮ್ಮ ಒಂದು ಪಟವನ್ನೂ ಮುಟ್ಟಿರಲಿಲ್ಲ. ಹುಷಾರಾಗಿದ್ದಳು. ಇದೊಂದನ್ನು ಬಿಟ್ಟು. ಹೇಳಿದರೆ ತಾನು ಬಿಡುಗಡೆ. ಹೇಳದಿದ್ದರೆ ಅಮ್ಮನಿಗೆ ಎಂದೂ ತಿಳಿಯಲಿಕ್ಕಿಲ್ಲ. ಹರಿತಾ ಮೂರು ಅವರೆಕಾಯಿ ಸುಲಿದಳು. ನಾಲ್ಕನೆಯದನ್ನು ಕೈಯಲ್ಲೇ ಹಿಡಿದುಕೊಂಡು ಹೇಳಿದಳು.

"ಅಮ್ಮ, ಇದನ್ನ ಮೇಲಿನ ಹೊಸಿಲು ದಾಟಿಸಿದ್ದು ನೀನು."

ಶ್ಯಾಮಲಮ್ಮನ ಕೈ ನಿಂತಿತು.

"ನಾನು ದಾಟಿಸಿದವರದ್ದು ಭಾನುವಾರಕ್ಕೆ ಮುಗಿಯುತ್ತೆ. ಇದು ನನ್ನ ಲೆಕ್ಕಕ್ಕೆ ಬರಲ್ಲ."

ಹಸು ಕೊಟ್ಟಿಗೆಯಲ್ಲಿ ಒಮ್ಮೆ ಕೆಮ್ಮಿತು. ಅಮ್ಮ ಸತ್ಯನಾರಾಯಣನ ಪಟವನ್ನೇ ನೋಡುತ್ತಿದ್ದಳು, ಯಾರೋ ಪರಿಚಯದವರ ಮುಖವನ್ನು ಗುರುತು ಹಿಡಿಯುವವಳಂತೆ.

"ಹೌದಲ್ಲ," ಎಂದಳು ಕೊನೆಗೆ. ಬಹಳ ಸಣ್ಣ ದನಿಯಲ್ಲಿ. ಜಗಳವಿಲ್ಲ, ವಾದವಿಲ್ಲ. ಎದ್ದು ಸೆರಗಿನಿಂದ ಗಾಜು ಒರೆಸಿ, ಪಟವನ್ನು ತಾನೇ ಎತ್ತಿಕೊಂಡು ಮಹಡಿ ಹತ್ತಿದಳು.

ಭಾನುವಾರ ಪಂಪ್‌ಸೆಟ್ಟಿನ ಕಾಲುವೆಯಲ್ಲಿ ನೂರಾ ಹನ್ನೆರಡು ದೇವರುಗಳನ್ನು ಅದ್ದಿದರು. ಕನಕರಾಜ್ ಮತ್ತು ಗುಂಪಿನವರು ಬಂದು ಗಾಜನ್ನೂ ಮೊಳೆಯನ್ನೂ ಬೇರೆ ಮಾಡಿಕೊಟ್ಟರು. ಬಯ್ಯಪ್ಪ ಸೊಪ್ಪಿನ ಸಾಲುಗಳ ನಡುವೆ ಗುಂಡಿ ತೋಡಿದ. ಮುನಿನಾರಾಯಣಪ್ಪ ಮಂತ್ರ ಹೇಳಿ, ಪೊಂಗಲ್ ತಿಂದು ಹೋದ. ಎಲ್ಲರೂ ಹರಿತಾಗೆ ಶುಭವಾಗಲಿ ಎಂದರು. ಮಹಡಿಯ ಕೋಣೆಯಲ್ಲಿ ಅಟ್ಟಣಿಗೆಗಳು ಖಾಲಿಯಾಗಿ ನಿಂತಿದ್ದವು. ಎರಡನೆಯ ಅಂತಸ್ತಿನಲ್ಲಿ ಒಂದೇ ಒಂದು ಪಟ.

ಸೋಮವಾರ ಬೆಳಿಗ್ಗೆ ಹರಿತಾ ಬ್ಯಾಗು ತುಂಬುತ್ತಿದ್ದಳು. ಗೇಟು ಕಾಯಲು ಹೋಗಲಿಲ್ಲ. ಅಮ್ಮ ಒದ್ದೆ ಕೂದಲಿಗೆ ಟವೆಲ್ಲು ಸುತ್ತಿಕೊಂಡು ಬಂದು, ಎಣ್ಣೆ ಹಾಕಿ, ಕಡ್ಡಿ ಗೀರಿದಳು.

"ನಲವತ್ತೆಂಟು ಅಂದ್ರೆ ಯಾವ ತಾರೀಕಿಗೆ ಬರುತ್ತೆ?"

ಈ ಲೆಕ್ಕದಲ್ಲಿ ಹರಿತಾ ಪಳಗಿದ್ದಳು. ಬೆರಳು ಮಡಚಿ ಹೇಳಿದಳು. "ಫೆಬ್ರವರಿ ಇಪ್ಪತ್ತೈದು. ನಿನಗೆ ಹೊರಗಿನ ದಿನ ಇಲ್ವಲ್ಲ, ಬೇಗ ಮುಗಿಯುತ್ತೆ."

"ಹೂಂ. ಅಷ್ಟರಲ್ಲಿ ಯಾರೂ ತಂದಿಡದೆ ಇದ್ರೆ." ಅಮ್ಮ ದೀಪದಿಂದ ಕಣ್ಣು ತೆಗೆಯದೆ ಹೇಳಿದಳು, "ಹೊರಡು. ಬಸ್ಸು ಹೋಗುತ್ತೆ."

ಹೇಳಬೇಕಾದ ಮಾತು ಏನೋ ಇತ್ತು. ಅದು ಯಾವುದೆಂದು ಗೊತ್ತಾಗುವಷ್ಟು ಸಮಯವಿರಲಿಲ್ಲ. ಹರಿತಾ ಇಳಿದು, ಅಪ್ಪನಿಗೆ ನಮಸ್ಕರಿಸಿ, ಗೇಟು ತೆಗೆದಳು.

ಕಂಬಕ್ಕೆ ಒರಗಿಸಿತ್ತು. ಹಳೆಯ ಪೇಪರು, ಸುತ್ತ ಗೋಣಿದಾರ. ಮೊಣಕಾಲಿನೆತ್ತರ, ಚಪ್ಪಟೆ.

ರಸ್ತೆಯ ಎರಡೂ ಕಡೆ ನೋಡಿದಳು. ಯಾರೂ ಇಲ್ಲ. ಬಿಟ್ಟುಹೋದರೆ ಇನ್ನು ಹತ್ತು ನಿಮಿಷದಲ್ಲಿ ಅಮ್ಮ ರಂಗೋಲಿ ಹಾಕಲು ಬರುತ್ತಾಳೆ, ನಾಯಿ ಮೂಸುವ ಮುಂಚೆ ಎತ್ತುತ್ತಾಳೆ, ಲೆಕ್ಕ ಒಂದರಿಂದ. ಒಳಗೆ ತಾನೇ ತೆಗೆದುಕೊಂಡು ಹೋದರೆ ಅದು ತನ್ನ ಲೆಕ್ಕ, ಇಲ್ಲೇ, ಈ ಮನೆಯಲ್ಲೇ. ದೂರದಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಹರಿತಾ ಪೊಟ್ಟಣವನ್ನು ಕಂಕುಳಲ್ಲಿ ಇರುಕಿಕೊಂಡು ಓಡಿದಳು.

ಶಿಡ್ಲಘಟ್ಟದಲ್ಲಿ ಅದನ್ನು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಬಿಟ್ಟು ಹತ್ತು ಹೆಜ್ಜೆ ನಡೆದಳು. "ಅಕ್ಕಾ, ನಿಮ್ಮ ಲಗೇಜು!" ಎಂದು ಕಡಲೆಕಾಯಿ ಮಾರುವವನು ಕೂಗಿ ಕೈಗೇ ತಂದುಕೊಟ್ಟ. ಚಿಕ್ಕಬಳ್ಳಾಪುರದಲ್ಲಿ ಬಿಡುವ ಪ್ರಯತ್ನವನ್ನೇ ಮಾಡಲಿಲ್ಲ. ಗೌರಿಬಿದನೂರಿನ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಬಿಚ್ಚಿ ನೋಡಲಿಲ್ಲ. ಯಾರೆಂದು ಗೊತ್ತಾದರೆ ಇನ್ನೂ ಕಷ್ಟ.

ಕಚೇರಿಯಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದಾಗ ಅದು ಮೇಜಿನ ಕಾಲಿಗೆ ಒರಗಿತ್ತು. ಹನ್ನೊಂದೂಕಾಲು ಗಂಟೆ. ಕೆಲಸ ಸಿಕ್ಕಿತ್ತು. "ಏನಮ್ಮ, ಪೇಂಟಿಂಗಾ?" ಎಂದರು ಮ್ಯಾನೇಜರ್. ಹರಿತಾ ನಕ್ಕಳು.

ಸಂಜೆ ಬಾಡಿಗೆ ಕೋಣೆಯ ಬೀಗ ತೆಗೆದಳು. ಸುಣ್ಣ ಬಳಿದ ನಾಲ್ಕು ಗೋಡೆ. ಅವಳು ನೆನೆದಿದ್ದಂತೆಯೇ ಬೋಳು, ಒಂದು ಮೊಳೆಯೂ ಇಲ್ಲ. ಬ್ಯಾಗನ್ನು ಒಳಗೆ ತಳ್ಳಿದಳು. ಪೊಟ್ಟಣವನ್ನು ಮಾತ್ರ ಹಿಡಿದುಕೊಂಡು ಹೊಸಿಲಿನ ಹೊರಗೆ ನಿಂತಳು. ಹೊರಗಿನ ಗೋಡೆಗೆ ಒರಗಿಸಿ ನೋಡಿದಳು. ಮೆಟ್ಟಿಲ ಕೆಳಗೆ ಚಪ್ಪಲಿಗಳ ಸಾಲಿತ್ತು, ಅಲ್ಲಿ ಇಡಲು ಕೈ ಬರಲಿಲ್ಲ. ಮತ್ತೆ ಎತ್ತಿಕೊಂಡಳು.

ಪಕ್ಕದ ಬಾಗಿಲಿನಿಂದ ಮನೆ ಒಡತಿ ಸುಬ್ಬಲಕ್ಷ್ಮಮ್ಮ ಇಣುಕಿದರು. ಕಣ್ಣು ನೇರವಾಗಿ ಹರಿದ ಪೇಪರಿನ ಮೂಲೆಗೆ ಹೋಯಿತು. ಅಲ್ಲಿ ಬಂಗಾರದ ಬಣ್ಣದ ಒಂದು ಅಂಗೈ, ಅಭಯ ಹಸ್ತ, ಕಾಣುತ್ತಿತ್ತು.

"ಅಯ್ಯೋ, ದೇವರನ್ನ ಬಾಗಿಲಲ್ಲಿ ಹಿಡ್ಕೊಂಡು ನಿಂತಿದೀಯಲ್ಲಮ್ಮ. ದೀಪ ಹಚ್ಚೋ ಹೊತ್ತು. ಒಳಗೆ ಕರ್ಕೊಂಡು ಹೋಗು."

"ಹೋಗ್ತೀನಿ ಅಮ್ಮ," ಎಂದಳು ಹರಿತಾ.

ಸುಬ್ಬಲಕ್ಷ್ಮಮ್ಮ ಹೋಗಲಿಲ್ಲ. ಸೆರಗು ಹೊದ್ದುಕೊಂಡು, ಕೈ ಜೋಡಿಸಿಕೊಂಡು, ಅವಳು ಬಲಗಾಲು ಇಡುವುದನ್ನು ನೋಡಲು ನಿಂತರು.